ಅಮ್ಮ ಹೊರಗೆ ತಿನ್ನಲ್ಲ

೪ ಮೇ ೧೯೮೮

ಪ್ರೀತಿಯ ಅಮ್ಮನಿಗೆ,

ಟೂರಿನವರ ಆಫೀಸಿನಿಂದ ಒಬ್ಬರು ಬೆಳಿಗ್ಗೆ ಅಂಗಡಿಗೇ ಬಂದು ವಿಷಯ ತಿಳಿಸಿದರು. ಲೆಕ್ಕದ ಟೀಚರ್ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಾರೆ, ಆಪರೇಷನ್ ಆಗಿದೆ, ಬಸ್ಸು ಉಳಿದವರನ್ನು ಕರೆದುಕೊಂಡು ಮುಂದಿನ ದೇಶಕ್ಕೆ ಹೋಗಿದೆ, ಅವರ ಜೊತೆಗೆ ನೀನೊಬ್ಬಳೇ ಉಳಿದಿದ್ದೀಯ ಎಂದರು. ನಿವೃತ್ತ ಟೀಚರುಗಳೆಲ್ಲ ಸೇರಿ ವಿದೇಶ ಪ್ರವಾಸ ಎಂದಾಗಲೇ ನನಗೆ ಅನುಮಾನವಿತ್ತು. ಇಡೀ ಬಸ್ಸಿನಲ್ಲಿ ಹುಡುಕಿದರೂ ನೆಟ್ಟಗಿನ ಮೊಣಕಾಲು ಒಂದು ಸಿಗುತ್ತಿರಲಿಲ್ಲ.

ಅವರಿಗಾದರೆ ಡಾಕ್ಟರು, ನರ್ಸು ಎಲ್ಲ ಇದ್ದಾರೆ. ನನಗೆ ಚಿಂತೆ ನಿನ್ನದು. ಟೂರಿನ ಅಡುಗೆಯವನು ಅಕ್ಕಿ ಬೇಳೆ ಸಮೇತ ಬಸ್ಸಿನಲ್ಲೇ ಹೋದನಂತೆ. ಅವನಿದ್ದಾಗಲೂ ನೀನು ಅವನ ಕೈಯಡುಗೆ ಮುಟ್ಟದೆ, ಪಕ್ಕದಲ್ಲೇ ಪುಟ್ಟ ಸ್ಟವ್ ಹಚ್ಚಿ ನಿನ್ನದು ನೀನೇ ಬೇಯಿಸಿಕೊಳ್ಳುವುದು ಎಂದು ಮಾತಾಗಿತ್ತು. ಈಗ ಆ ಪರದೇಶದಲ್ಲಿ ಏನು ತಿನ್ನುತ್ತೀಯ? ನಮ್ಮ ಬನ್ನು ಹುಟ್ಟಿದಾಗಿನಿಂದ, ಅಂದರೆ ಹದಿಮೂರು ವರ್ಷದಿಂದ, ಯಾರ ಮನೆಗೆ ಹೋದರೂ ನಿನ್ನ ಸ್ಟೀಲ್ ಡಬ್ಬಿ, ನಿನ್ನ ನೀರಿನ ಬಾಟಲಿ. ಮದುವೆಮನೆಯಲ್ಲೂ ಅಷ್ಟೇ, ನಿನ್ನ ಸ್ಕೂಲಿನಲ್ಲೂ ಅಷ್ಟೇ, ನನ್ನ ಮನೆಯಲ್ಲೂ ಅಷ್ಟೇ. ‘ಅಮ್ಮ ಹೊರಗೆ ತಿನ್ನಲ್ಲ’ ಎಂದು ಜನಕ್ಕೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ವ್ರತ ವ್ರತವೇ, ಒಪ್ಪಿದೆ. ಆದರೆ ಉಪವಾಸ ಬಿದ್ದು ಟೀಚರ್ ಪಕ್ಕದ ಮಂಚದಲ್ಲಿ ನೀನೂ ಮಲಗಬೇಡ. ಹಣ್ಣನ್ನಾದರೂ ತಿನ್ನು.

ಇಲ್ಲಿ ನಮ್ಮ ಬೇಕರಿಯ ಮೇಲಿನ ಕೋಣೆ ನಿನಗಾಗಿ ತಯಾರಾಗುತ್ತಿದೆ. ನೀನು ಬಾಡಿಗೆ ಮನೆ ಬಿಡುವಾಗ ಕಳಿಸಿದ ಟ್ರಂಕುಗಳೂ ಹೊಲಿಗೆ ಮೆಷಿನ್ನೂ ಆಗಲೇ ಮೇಲೆ ಹೋಗಿವೆ. ಸುಣ್ಣ ಹೊಡೆಸಿದ್ದಾಯಿತು. ಮೂಲೆಯಲ್ಲಿ ನಿನ್ನದೇ ಒಂದು ಅಡುಗೆ ಕಟ್ಟೆ, ನಿನ್ನದೇ ಬೇರೆ ಒಲೆ. ಕೆಳಗಿನ ನಮ್ಮ ಅಡುಗೆಮನೆಯ ಗಾಳಿಯೂ ನಿನಗೆ ಸೋಕುವುದಿಲ್ಲ, ಸರಿಯೇ? ಇವರು ದಿನಾ ಕೇಳುತ್ತಿದ್ದಾರೆ: “ಕಟ್ಟೆ ಎಷ್ಟು ಎತ್ತರ ಬೇಕಂತೆ? ಅತ್ತೆಗೆ ಬಗ್ಗೋಕೆ ಆಗಲ್ಲ, ಕೇಳಿ ಬರಿ.” ಗಾರೆಯವರು ಕಾಯುತ್ತಿದ್ದಾರೆ, ಮರೆಯದೆ ತಿಳಿಸು.

ನಿನ್ನ ಮಗಳು


೧೬ ಮೇ ೧೯೮೮

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಲೆಕ್ಕದ ಟೀಚರ್ ಕಾಲಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ಬಾಯಿಗೆ ಏನೂ ಆಗಿಲ್ಲ. ಮಲಗಿದಲ್ಲಿಂದಲೇ ನರ್ಸುಗಳಿಗೆ ಲೆಕ್ಕ ತಪ್ಪಿದ್ದು ತೋರಿಸುತ್ತಿದ್ದಾಳೆ. ಇನ್ನೂ ಎರಡು ತಿಂಗಳು ವಿಮಾನ ಹತ್ತುವ ಹಾಗಿಲ್ಲವಂತೆ.

ನಾನು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಮನೆಯಲ್ಲಿದ್ದೇನೆ. ರೋಗಿಗಳ ಕಡೆಯವರಿಗೆ ಕೋಣೆ ಬಾಡಿಗೆಗೆ ಕೊಡುವ ಮನೆ. ಮಂಚ, ಕೈ ತೊಳೆಯುವ ತೊಟ್ಟಿ, ಒಂದು ಕಿಟಕಿ. ಕಿಟಕಿ ತೆಗೆದರೆ ಎದುರು ಮನೆಯವರು ಒಣಹಾಕಿದ ಬಟ್ಟೆ. ಹೊಲಿಗೆ ನೋಡಿದರೆ ಒಂದೂ ನೆಟ್ಟಗಿಲ್ಲ. ಯಜಮಾನಿಗೆ ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ತೋಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಮೊದಲ ದಿನ ಕೋಣೆಯಲ್ಲಿ ಸ್ಟವ್ ತೆಗೆದೆನೋ ಇಲ್ಲವೋ, ಓಡಿ ಬಂದು ಅದನ್ನು ತೋರಿಸಿ, ಬೆಂಕಿ ಹತ್ತೀತೆಂದು ಸೂರು ತೋರಿಸಿ, ಕೂಗಾಡಿ ಕಿತ್ತುಕೊಂಡು ಹೋದಳು. ಚೀಲದಲ್ಲಿದ್ದ ಹುರಿಗಡಲೆ, ಬೆಲ್ಲದ ಮೇಲೆ ದಿನ ನೂಕಿದೆ.

ಊಟದ ಹೊತ್ತಿಗೆ ಮೇಜಿನ ತುದಿಯಲ್ಲಿ ನನಗೂ ಒಂದು ತಟ್ಟೆ ಹಾಕುತ್ತಿದ್ದಳು. ನಾನು ಕೈಮುಗಿದು ಬೇಡವೆಂದು ತಲೆ ಆಡಿಸುವುದು, ಅವಳು ಏನೂ ಅನ್ನದೆ ತಟ್ಟೆ ಎತ್ತುವುದು. ಮುಂದಿನ ಹೊತ್ತಿಗೆ ಮತ್ತೆ ತಟ್ಟೆ ಅಲ್ಲೇ. ಇವಳಿಗೆ ಮರೆವೋ ಹಟವೋ ಅಂದುಕೊಂಡೆ. ನನ್ನ ಹಟ ನಿನಗೆ ಗೊತ್ತಲ್ಲ, ಅವಳದು ಅದಕ್ಕಿಂತ ಒಂದು ಗೇಣು ಹೆಚ್ಚು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಕಾಲೆಳೆದುಕೊಂಡು ಬಂದೆ. ತಟ್ಟೆ ಇತ್ತು. ಕೂತುಬಿಟ್ಟೆ.

ಬಿಸಿ ಸೂಪು. ಅದರಲ್ಲಿ ಏನಿದೆ ಎಂದು ಕೇಳಲಿಲ್ಲ, ಕೇಳಿದರೆ ತಾನೇ ಗೊತ್ತಾಗುವುದು! ಬೆಣ್ಣೆ ಹಾಕಿ ಬೇಯಿಸಿದ ಆಲೂಗಡ್ಡೆ. ಆಮೇಲೆ ಬ್ರೆಡ್ಡು. ಅಯ್ಯೋ ಮಗಳೇ, ಆ ಬ್ರೆಡ್ಡನ್ನು ಹೇಗೆ ಹೇಳಲಿ! ಮೇಲಿನ ಗಟ್ಟಿ ಪದರ ಮುರಿದರೆ ಚಟಚಟ ಸದ್ದು, ಒಳಗೆ ಹತ್ತಿಯ ಹಾಗೆ, ಸ್ವಲ್ಪ ಹುಳಿ ವಾಸನೆ. ಬೆಣ್ಣೆ ಸವರಿದರೆ ಅಲ್ಲೇ ಕರಗಿ ಒಳಗಿಳಿಯುತ್ತದೆ. ನನಗೆ ಕಣ್ಣಲ್ಲಿ ನೀರು ಬಂತು. ಈಗ ದಿನಾ ಬೆಳಿಗ್ಗೆ ನಾನೇ ಹೋಗಿ ಬೀದಿಯ ಕೊನೆಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ. ಆ ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಂದು, ನನ್ನ ಮುಖ ಕಂಡರೆ ನಕ್ಕು, ಚೆನ್ನಾಗಿ ಕೆಂಪಗಾದದ್ದನ್ನೇ ಆರಿಸಿ ಕೊಡುತ್ತಾನೆ. ಇಂಥ ಬ್ರೆಡ್ಡು ತಿನ್ನದೆ ಇಷ್ಟು ವರ್ಷ ಹೇಗಿದ್ದೆನೋ! “ಕಾಲು ಮುರಿದಿದ್ದು ನಂದು, ಗುಣ ಆಗ್ತಾ ಇರೋದು ನಿಂಗೆ” ಎಂದು ಲೆಕ್ಕದ ಟೀಚರ್ ರೇಗಿಸುತ್ತಾಳೆ.

ನನ್ನ ಚಿಂತೆ ಬಿಡು. ಬನ್ನು ಕೂಸಿಗೂ ನಿನ್ನ ಗಂಡನಿಗೂ ಕೇಳಿದೆನೆಂದು ಹೇಳು.

ಅಮ್ಮ


೨೮ ಮೇ ೧೯೮೮

ಅಮ್ಮ,

ನಿನ್ನ ಕಾಗದ ಬಂದರೆ ನಾನು ಗಲ್ಲಾದ ಹತ್ತಿರ ಕೂತು ಗಟ್ಟಿಯಾಗಿ ಓದುವುದು, ಇವರು ಹಿಟ್ಟು ನಾದುತ್ತಾ ಕೇಳುವುದು ನಮ್ಮಲ್ಲಿ ರೂಢಿ. ಈ ಸಲವೂ ಹಾಗೇ ಓದಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸ್ಟವ್ ಕಿತ್ತುಕೊಂಡದ್ದಕ್ಕೆ ಎಲ್ಲರೂ ನಕ್ಕರು. ತಟ್ಟೆಯ ಮುಂದೆ ಕೂತೆ ಎಂದು ಓದುವಾಗ ನನ್ನ ಬಾಯಿ ಒಣಗಿತು. ಆದರೂ ಹಾಳು ನಾಲಿಗೆ ನಿಲ್ಲಲಿಲ್ಲ, ಓದುತ್ತಲೇ ಹೋಯಿತು. ‘ಇಂಥ ಬ್ರೆಡ್ಡು ತಿನ್ನದೆ ಇಷ್ಟು ವರ್ಷ ಹೇಗಿದ್ದೆನೋ’ ಎಂದು ಒಬ್ಬ ಬೇಕರಿಯವನ ಹೆಂಡತಿ, ಬೇಕರಿಯಲ್ಲಿ ಕೂತು, ಬೇಕರಿಯವನ ಮುಂದೆ ಓದಿದಳು!

ಇವರು ಹಿಟ್ಟಿನಿಂದ ತಲೆ ಎತ್ತಲಿಲ್ಲ. “ಅಲ್ಲಿ ಒಳ್ಳೆ ಬ್ರೆಡ್ ಸಿಗ್ತಿದೆಯಲ್ಲ, ಸದ್ಯ. ಅವರು ಉಪವಾಸ ಇದ್ದಾರೇನೋ ಅಂತಿದ್ದೆ” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬನ್ನು ಬಿಡಲಿಲ್ಲ: “ಅಜ್ಜಿ ಅಲ್ಲಿ ತಿಂತಾರಾ? ಮತ್ತೆ ಇಲ್ಲಿ ಯಾಕೆ ತಿನ್ನಲ್ಲ?” ಅವಳಿಗೆ ಉತ್ತರ ನೀನೇ ಹೇಳು.

ನಾನು ಇವರನ್ನು ಮದುವೆಯಾಗುತ್ತೇನೆಂದಾಗ ನೀನೇನು ಅಂದೆ ಎಂಬುದು ನೆನಪಿದೆಯೇ? “ಹೆತ್ತವರು ಯಾರೋ, ಯಾವ ಕೈಯಲ್ಲಿ ಉಂಡು ಬೆಳೆದವನೋ. ಅವನ ಒಲೆಯಲ್ಲಿ ಬೆಂದದ್ದು ನನ್ನ ಬಾಯಿಗೆ ಸೇರಲ್ಲ” ಎಂದೆ. ಆ ಮಾತನ್ನು ನಾನು ಇವರಿಗೆ ಹೇಳಿಲ್ಲ. ಬನ್ನು ಹುಟ್ಟಿದ ಮೇಲೆ ಬಂದೆ, ಕೈಯಲ್ಲಿ ಡಬ್ಬಿ. ನನಗೆ ಎದೆ ಒಡೆಯಿತು. ಆಮೇಲೆ ನೋಡಿದರೆ ನೀನು ಎಲ್ಲೂ ತಿನ್ನುತ್ತಿರಲಿಲ್ಲ. ಓ, ಇದು ನಮ್ಮ ಮೇಲಿನ ಸಿಟ್ಟಲ್ಲ, ವ್ರತ ಎಂದು ನಂಬಿದೆ. ಇವರಿಗೂ ನಂಬಿಸಿದೆ. “ಅಮ್ಮ ಯಾರ ಮನೇಲೂ ತಿನ್ನಲ್ಲ ಕಣ್ರೀ, ನೀವು ಬೇಜಾರು ಮಾಡ್ಕೋಬೇಡಿ.” ಈಗ ಗೊತ್ತಾಯಿತು, ಅದು ವ್ರತವೂ ಅಲ್ಲ, ಮಣ್ಣೂ ಅಲ್ಲ. ಆ ಯಜಮಾನಿಯ ಅಪ್ಪ ಅಮ್ಮ ಯಾರು ಎಂದು ವಿಚಾರಿಸಿದೆಯಾ? ಆ ಬೇಕರಿಯವನನ್ನು ಸಾಕಿದವರು ಯಾರು ಎಂದು ಕೇಳಿದೆಯಾ? ಸೂಪಿನಲ್ಲಿ ಏನಿದೆ ಎಂದೂ ಕೇಳದವಳು, ನನ್ನ ಮನೆಯ ನಲ್ಲಿ ನೀರಿಗೂ ಹೆದರಿದೆಯಲ್ಲ! ಮನೆಗೆ ಮಾರಿ, ಪರರಿಗೆ ಉಪಕಾರಿ.

ಇನ್ನೊಂದು ಮಾತು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ, ಅದನ್ನೂ ಕಕ್ಕಿಬಿಡುತ್ತೇನೆ. ನೀನು ಬಂದಾಗಲೆಲ್ಲ ಇವರು ಅಚ್ಚನ್ನು ಬೇರೆ ತೊಳೆದು, ನಿನಗೆಂದೇ ಒಂದು ಸಣ್ಣ ಬ್ರೆಡ್ ಸುಟ್ಟು, ಬಿಸಿ ಆರಿಸಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದರು. “ಮನೆಗೆ ಹೋಗಿ ತಿಂತಾರೆ, ಇಲ್ಲಿ ಸಂಕೋಚ.” ನೀನೂ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದೆ. ಒಮ್ಮೆ ನಿನ್ನ ಬೀದಿಯ ಹೂವಿನವಳು ನನ್ನನ್ನು ನಿಲ್ಲಿಸಿ, “ಈ ವಾರ ನಿಮ್ಮ ಬ್ರೆಡ್ ಬರಲೇ ಇಲ್ವಲ್ಲಮ್ಮ” ಎಂದಳು. ಅವತ್ತು ಮನೆಗೆ ಬಂದು ಇವರ ಮುಖ ನೋಡಲಾಗಲಿಲ್ಲ. ಹೇಳಲೂ ಇಲ್ಲ.

ಕಟ್ಟೆಯ ಎತ್ತರ ಕೇಳಿದ್ದೆ. ಅದಕ್ಕೆ ನಿನ್ನ ಕಾಗದದಲ್ಲಿ ಒಂದು ಸಾಲಿಗೂ ಜಾಗವಿರಲಿಲ್ಲ.

ಮಗಳು


೨೯ ಮೇ ೧೯೮೮

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನಿಂದ ಕಾಗದವಿಲ್ಲ. ಅಂಗಡಿಯ ಕೆಲಸ ಜಾಸ್ತಿಯಿರಬೇಕು. ನಾನೇ ಮತ್ತೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಈ ಸುದ್ದಿಯನ್ನೆಲ್ಲ ಹೇಳಿಕೊಳ್ಳಲು ಲೆಕ್ಕದ ಟೀಚರ್ ಒಬ್ಬಳೇ, ಅವಳಿಗೆ ಹೊಟ್ಟೆಕಿಚ್ಚು.

ಯಜಮಾನಿ ನನ್ನನ್ನು ಸಂತೆಗೆ ಕರೆದುಕೊಂಡು ಹೋಗಿದ್ದಳು. ಮುಷ್ಟಿಗಾತ್ರದ ಟೊಮೆಟೊ, ಬಂಡಿಗಟ್ಟಲೆ ಹಣ್ಣು, ಚಕ್ರದಂಥ ಚೀಸು. ಎಲ್ಲವನ್ನೂ ಕೊಯ್ದು ಚೂರು ಕೊಟ್ಟು ರುಚಿ ನೋಡಿ ಅನ್ನುತ್ತಾರೆ. ನಾನು ಒಂದು ಸುತ್ತು ಹಾಕುವಷ್ಟರಲ್ಲಿ ಹೊಟ್ಟೆ ತುಂಬಿತು. ನಿನ್ನೆ ಅವಳು ನನ್ನನ್ನು ಅಡುಗೆಮನೆಗೂ ಬಿಟ್ಟಳು. ಹಿಟ್ಟು ಕೊಟ್ಟು ನಾದು ಎಂದು ಸನ್ನೆ ಮಾಡಿದಳು. ನಾದಿದೆ. ನನ್ನ ಕೈ ಹಿಡಿದು ಹಾಗಲ್ಲ ಹೀಗೆ ಎಂದು ಅಂಗೈಯ ಬುಡದಿಂದ ಒತ್ತುವುದು ತೋರಿಸಿದಳು. ಮೂವತ್ತು ವರ್ಷ ಹುಡುಗಿಯರ ಕೈ ಹಿಡಿದು ಹೊಲಿಗೆ ಕಲಿಸಿದವಳು ನಾನು, ನನ್ನ ಕೈ ಹಿಡಿದು ಕಲಿಸಿದವಳು ಇವಳೊಬ್ಬಳೇ.

ನಿನ್ನ ಗಂಡನಿಗೆ ಹೇಳು, ಇಲ್ಲಿಯವರು ಹಿಟ್ಟಿಗೆ ಅವಸರ ಮಾಡುವುದಿಲ್ಲ. ಹಿಂದಿನ ದಿನವೇ ಕಲಸಿ ಹುಳಿಯಲು ಬಿಡುತ್ತಾರೆ. ನಿಮ್ಮ ಅಂಗಡಿಯ ಬ್ರೆಡ್ಡು ತೀರಾ ಬೆಳ್ಳಗಿರುತ್ತದೆ, ನೋಡಿದರೇ ಸಪ್ಪೆ ಅನ್ನಿಸುತ್ತದೆ. ಇನ್ನೊಂದಿಷ್ಟು ಹೊತ್ತು ಭಟ್ಟಿಯಲ್ಲಿ ಬಿಟ್ಟು ಕೆಂಪಗೆ ಮಾಡಲಿ. ಕಲಿತರೆ ಗಿರಾಕಿ ಹೆಚ್ಚುತ್ತಾರೆ.

ಕಟ್ಟೆಯದು ಬರೆಯಲು ಮರೆತಿದ್ದೆ ನೋಡು. ಸೊಂಟದ ಮಟ್ಟಕ್ಕಿರಲಿ.

ಅಮ್ಮ


೯ ಜೂನ್ ೧೯೮೮

ಮಗಳೇ,

ನಿನ್ನ ಕಾಗದ ಇವತ್ತು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದೆ. ಎರಡು ಸಲ ಓದಿದೆ. ಯಜಮಾನಿ ತಟ್ಟೆ ಹಾಕಿದ್ದಾಳೆ, ಹೋಗಿಲ್ಲ. ನಿನಗೆ ಉತ್ತರ ಕೊಡದೆ ಅನ್ನ ಇಳಿಯುವುದಿಲ್ಲ.

ಹೌದು, ಆ ಮಾತು ಅಂದೆ. ಅಪ್ಪನಿಲ್ಲದ ಹುಡುಗಿಯನ್ನು ಹೊಲಿಗೆ ಯಂತ್ರ ತುಳಿದು ಓದಿಸಿದವಳು ನಾನು. ನನಗೆ ಹೇಳಿದ್ದು ಮದುವೆಗೆ ವಾರ ಇರುವಾಗ! ಸಿಟ್ಟು ಬಂತು, ಅಂದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಇಲ್ಲಿ ಕೂತಿಲ್ಲ. ಆದರೆ ಎಲ್ಲ ಗೊತ್ತಾಯಿತು ಎಂದು ಬರೆದಿದ್ದೀಯಲ್ಲ, ನಿನಗೆ ಏನೇನೂ ಗೊತ್ತಿಲ್ಲ.

ಮೊದಲಿಗೆ ನಾನು ಬಿಟ್ಟದ್ದು ನಿನ್ನ ಮನೆಯ ಊಟ ಒಂದನ್ನೇ. ಕೂಸಿನ ನಾಮಕರಣದ ದಿನ ನಿನ್ನ ದೊಡ್ಡಮ್ಮ ಎಲ್ಲರ ಮುಂದೆ ಬಾಯಿ ಹಾಕಿದಳು: “ಏನೇ, ಎಲ್ಲಾ ಕಡೆ ತಿಂತೀಯ, ಮಗಳ ಮನೇಲಿ ಮಾತ್ರ ಡಬ್ಬಿನಾ?” ನೀನು ಒಳಗಿದ್ದೆ. ನನಗೆ ಮೈ ಉರಿಯಿತು. ನನ್ನ ಮಗಳ ಮನೆಯನ್ನು ನಾನು ಬೈದುಕೊಂಡೇನು, ಊರವರ ಬಾಯಿಗೆ ಹಾಕುವುದಿಲ್ಲ. “ನಾನು ಹೊರಗೆ ಎಲ್ಲೂ ತಿನ್ನಲ್ಲ, ಬಿಟ್ಟಿದ್ದೀನಿ” ಎಂದೆ. ಅಂದ ಮೇಲೆ ಬಿಡಲೇಬೇಕಾಯಿತು. ಅವಳ ಮಗನ ಮದುವೆಯಲ್ಲಿ ಎಲ್ಲರ ಎಲೆಯ ಮುಂದೆ ಡಬ್ಬಿ ಬಿಚ್ಚಿ ಕೂತೆ. ಸ್ಕೂಲಿನಲ್ಲಿ ಒಂದು ಲೋಟ ಟೀ ಕುಡಿಯಲಿಲ್ಲ. ಲೆಕ್ಕದ ಟೀಚರ್ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಇದು ಯಾವ ದೇವರ ವ್ರತ ಅಂದುಕೊಂಡೆ? ನಿನ್ನ ಮಾನ ಹೋಗಬಾರದೆಂದು ನಾನು ಹೊತ್ತ ಡಬ್ಬಿ ಅದು.

ಈಗ ಇನ್ನೊಂದು ಕೇಳು. ಕೂಸಿಗೆ ಐದು ತುಂಬಿದ ಹುಟ್ಟುಹಬ್ಬಕ್ಕೆ ನಾನು ಡಬ್ಬಿ ತರಲಿಲ್ಲ. ಬೇಕೆಂದೇ ತರಲಿಲ್ಲ. ಹಟ ಸಾಕಾಗಿತ್ತು. ಆ ಮಗು ಹಿಂದಿನ ಸಲ ನನ್ನ ಡಬ್ಬಿಗೆ ಕೈ ಹಾಕಿ, “ಅಜ್ಜಿ, ನಮ್ಮನೆ ತಟ್ಟೆ ಕಚ್ಚುತ್ತಾ?” ಎಂದಿತ್ತು. ಬಂದು ಮೇಜಿನ ತುದಿಯಲ್ಲಿ ಕೂತೆ. ನನ್ನ ಮುಂದೆ ತಟ್ಟೆ ಇತ್ತು, ಅದರಲ್ಲಿ ಒಂದು ತುಂಡು ಬ್ರೆಡ್ಡೂ ಇತ್ತು. ನೀನು ಒಳಗಿನಿಂದ ಪಾತ್ರೆ ಹಿಡಿದು ಬಂದೆ. ನೋಡಿದೆ. ನಕ್ಕೆ. “ಅಯ್ಯೋ, ಅಮ್ಮನಿಗೆ ಯಾರು ಹಾಕಿದ್ದು? ಅಮ್ಮ ಹೊರಗೆ ತಿನ್ನಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋದೆ. ನನ್ನ ಕೈಯಲ್ಲಿ ಡಬ್ಬಿ ಇದೆಯೋ ಇಲ್ಲವೋ ಎಂದೂ ನೋಡಲಿಲ್ಲ. ಎಲ್ಲರೂ ಉಂಡರು. ನಾನು ನೋಡುತ್ತಾ ಕೂತಿದ್ದು ಖಾಲಿ ಹೊಟ್ಟೆಯಲ್ಲಿ ಮನೆಗೆ ಹೋದೆ. ಮುಂದಿನ ಸಲ ಮತ್ತೆ ಡಬ್ಬಿ ತಂದೆ. ತಟ್ಟೆ ಎತ್ತಿದವಳು ನೀನು. ಆಮೇಲೆ ಒಂದು ದಿನವಾದರೂ ಹಾಕಿದೆಯಾ? ಮಾತು ಬಾರದ ಇವಳು ಬೇಡ ಎಂದರೂ ಹಾಕಿದಳು, ಬೇಡ ಎಂದರೂ ಹಾಕಿದಳು. ಅದಕ್ಕೇ ಇವಳ ಮನೆಯಲ್ಲಿ ಉಂಡೆ.

ಬ್ರೆಡ್ಡನ್ನು ಹೂವಿನವಳಿಗೆ ಕೊಟ್ಟದ್ದು ನಿಜ. ಚೀಲದಲ್ಲಿ ಅದರ ವಾಸನೆ ಎರಡು ದಿನ ಇರುತ್ತಿತ್ತು. ಆ ಚೀಲ ನಾನು ಒಗೆಯುತ್ತಿರಲಿಲ್ಲ. ಇದನ್ನೂ ಅಂಗಡಿಯಲ್ಲಿ ಗಟ್ಟಿಯಾಗಿ ಓದು.

ಅಮ್ಮ


೧೧ ಜೂನ್ ೧೯೮೮

ಮಾತೃಶ್ರೀಯವರಿಗೆ ನಮಸ್ಕಾರಗಳು.

ತಾವು ಮೇ ೨೯ರಂದು ಬರೆದ ಕಾಗದ ತಲುಪಿತು. ಸಂತೆಯ ವಿಚಾರ ತಿಳಿದು ಸಂತೋಷವಾಯಿತು. ಬ್ರೆಡ್ ಸುಡುವ ಬಗೆಗೆ ತಾವು ಕೊಟ್ಟ ಸಲಹೆಯನ್ನು, ಹನ್ನೆರಡನೆಯ ವಯಸ್ಸಿನಿಂದ ಭಟ್ಟಿಯ ಮುಂದೆ ನಿಂತಿರುವ ನನ್ನ ಗಂಡನಿಗೆ ತಿಳಿಸಿದ್ದೇನೆ. ಒಂದು ಚೂರೂ ಬಾಯಿಗಿಡದೆ ಸಪ್ಪೆ ಎಂದು ಕಣ್ಣಿನಲ್ಲೇ ರುಚಿ ನೋಡುವ ವಿದ್ಯೆ ಅವರಿಗಿನ್ನೂ ಬಂದಿಲ್ಲ.

ಕಟ್ಟೆಯ ಎತ್ತರದ ಪ್ರಶ್ನೆ ಈಗ ಏಳುವುದಿಲ್ಲ. ಕಾದು ಸಾಕಾಗಿ ಅಂದಾಜಿನಲ್ಲಿ ಕಟ್ಟಿಸಿದ್ದನ್ನು ಒಡೆಯಲು ಗಾರೆಯವರು ಬಂದಿದ್ದಾರೆ, ಮೇಲೆ ಸುತ್ತಿಗೆಯ ಸದ್ದು ಕೇಳುತ್ತಿದೆ. ಒಲೆಯನ್ನು ತಮ್ಮ ಬೀದಿಯ ಹೂವಿನವಳಿಗೆ ಕೊಟ್ಟೆ. ನಮ್ಮ ಮನೆಯದನ್ನು ತೆಗೆದುಕೊಂಡು ಅವಳಿಗೆ ಅಭ್ಯಾಸವಿದೆ. ಟ್ರಂಕುಗಳನ್ನು ದೊಡ್ಡಮ್ಮನ ಮನೆಗೆ ಕಳಿಸಲೇ, ಅಥವಾ ತಾವು ಅಲ್ಲೇ ಇರುವುದಾದರೆ ಅಲ್ಲಿಗೇ ಕಳಿಸಲೇ, ತಿಳಿಸಿ. ತಮಗೆ ಹೊರಗೆ ಒಳ್ಳೆಯ ಊಟ ಸಿಗುತ್ತಿದೆ. ಒಳಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಇಂತಿ,
ಬೇಕರಿಯವರ ಹೆಂಡತಿ


೨೩ ಜೂನ್ ೧೯೮೮

ಅಮ್ಮ,

ನಿನ್ನ ಒಂಬತ್ತನೇ ತಾರೀಖಿನ ಕಾಗದ ಬಂದು ಮೂರು ದಿನವಾಯಿತು. ಅಂಗಡಿಯಲ್ಲಿ ಓದಲಿಲ್ಲ. ಮೇಲಿನ ಕೋಣೆಗೆ ಹೋಗಿ, ನಿನ್ನ ಟ್ರಂಕಿನ ಮೇಲೆ ಕೂತು ಓದಿದೆ.

ಹುಟ್ಟುಹಬ್ಬದ ದಿನ ನನಗೆ ನೆನಪೇ ಇಲ್ಲ ಎಂದು ಬರೆಯೋಣ ಅಂದುಕೊಂಡೆ. ಸುಳ್ಳು ಹೇಳುತ್ತಿದ್ದೀಯ ಎಂದೂ ಅನ್ನಿಸಿತು. ಇವರನ್ನು ಕೇಳಿದೆ. ಟ್ರೇ ಒರೆಸುತ್ತಿದ್ದರು.

“ಹೂಂ, ತಟ್ಟೆ ನಾನೇ ಹಾಕಿದ್ದೆ” ಎಂದರು. “ಅವತ್ತು ಅತ್ತೆ ಕೈಲಿ ಡಬ್ಬಿ ಇರಲಿಲ್ಲ.”

“ನೀವು ನೋಡಿದ್ರಾ?”

“ನೋಡಿದ್ದೆ. ಬರಿಗೈಲಿ ಒಳಗೆ ಬಂದ್ರು. ಅದಕ್ಕೇ ಹಾಕಿದೆ.”

“ಮತ್ತೆ ನಾನು ಎತ್ತಿದಾಗ ಯಾಕೆ ಬಾಯಿ ಬಿಡಲಿಲ್ಲ?”

“ತಾಯಿ ಮಗಳ ಮಧ್ಯೆ ನಾನ್ಯಾಕೆ? ನಿನಗೆ ಅವರ ವಿಷಯ ನನಗಿಂತ ಚೆನ್ನಾಗಿ ಗೊತ್ತು ಅಂದುಕೊಂಡೆ.”

ಎಂಟು ವರ್ಷ! ಈ ಮನುಷ್ಯ ಎಂಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಹಿಟ್ಟು ನಾದಿದ್ದಾರೆ. ನಾನು ಅವರು ಒರೆಸಿಟ್ಟ ಟ್ರೇ ಎತ್ತಿ ನೆಲಕ್ಕೆ ಕುಕ್ಕಿದೆ. ಬೀದಿಯೆಲ್ಲ ತಿರುಗಿ ನೋಡಿತು. ಅವರ ಮೇಲೆ ಸಿಟ್ಟು, ನಿನ್ನ ಮೇಲೆ ಸಿಟ್ಟು, ನನ್ನ ಮೇಲೆ ಬರುವ ಸಿಟ್ಟನ್ನು ಎಲ್ಲಿಡಲೋ ಗೊತ್ತಿಲ್ಲ.

ಆದರೆ ನಿನ್ನನ್ನು ಬಿಡುವುದಿಲ್ಲ. ಒಂದು ಮಾತು ಅಮ್ಮ! ‘ಇವತ್ತು ತಿಂತೀನಿ ಕಣೆ’ ಎಂಬ ಒಂದೇ ಮಾತು. ಬಾಯಲ್ಲೇನು ಕಡುಬು ತುರುಕಿಕೊಂಡಿದ್ದೆಯಾ? ಕ್ಲಾಸಿನಲ್ಲಿ ಒಂದು ಹೊಲಿಗೆ ತಪ್ಪಿದರೆ ಆಚೆ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದವಳು, ಮಗಳು ತಟ್ಟೆ ಎತ್ತಿದರೆ ತುಟಿ ಹೊಲಿದುಕೊಂಡು ಕೂತೆಯಾ? ದೊಡ್ಡಮ್ಮನ ಬಾಯಿ ಮುಚ್ಚಿಸಲು ಹದಿಮೂರು ವರ್ಷ ಬಾಯಿ ಕಟ್ಟಿದೆ. ನನಗೊಂದು ಮಾತು ಹೇಳಿದ್ದರೆ ನಾನೇ ಅವಳ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಮಾನ ಕಾಯಲು ಯಾರು ಕೇಳಿದ್ದರು? ನನಗೆ ಬೇಕಾಗಿದ್ದು ನೀನು ಇವರ ಕೈಯ ಒಂದು ತುಂಡು ಬ್ರೆಡ್ ತಿನ್ನುವುದು. ಅಷ್ಟೇ ಬೇಕಾಗಿತ್ತು.

ನಾನು ಮತ್ತೆ ತಟ್ಟೆ ಹಾಕಲಿಲ್ಲ, ಅದು ನಿಜ. ಹಾಕಿ, ನೀನು ತಲೆ ಆಡಿಸಿ, ಇವರ ಎದುರಿಗೆ ಅದನ್ನು ಎತ್ತುವುದು ನನ್ನಿಂದ ಆಗುತ್ತಿರಲಿಲ್ಲ. ಆ ನಿನ್ನ ಯಜಮಾನಿಗೆ ಆದೀತು, ಅವಳಿಗೆ ನೀನು ಯಾರೋ. ನಾನು ನಿನ್ನ ಮಗಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನೀನೇ ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ.

‘ತಾವು’ ಎಂದು ಬರೆದ ಕಾಗದ ಇಷ್ಟರಲ್ಲಿ ನಿನಗೆ ಸಿಕ್ಕಿರುತ್ತದೆ. ಅದನ್ನು ಬರೆದಾಗ ನಿನ್ನ ಈ ಕಾಗದ ದಾರಿಯಲ್ಲಿತ್ತು. ಒಲೆ ಕೊಟ್ಟದ್ದು ಕೊಟ್ಟೆ, ಹೋಗಿ ವಾಪಸು ಕೇಳಲು ನನಗೆ ಮುಖವಿಲ್ಲ. ಕಟ್ಟೆ ಅರ್ಧ ಒಡೆದಾಗ ಇವರು ಮೇಲೆ ಬಂದು ಗಾರೆಯವರ ಕೈಯಿಂದ ಸುತ್ತಿಗೆ ತೆಗೆದುಕೊಂಡರು. “ಬರೋರನ್ನ ಕೇಳದೆ ಒಡೀಬೇಡ” ಎಂದರು. ಈಗ ಅದು ಅರ್ಧ ಹಲ್ಲು ಬಿದ್ದ ಬಾಯಿಯ ಹಾಗೆ ಮೂಲೆಯಲ್ಲಿ ನಿಂತಿದೆ. ಅದನ್ನು ಮತ್ತೆ ಕಟ್ಟಿಸಲೋ, ಪೂರ್ತಿ ಒಡೆಸಲೋ, ನೀನೇ ಹೇಳು. ಸುತ್ತಿ ಬಳಸಿ ಬರೆಯಬೇಡ. ಸಂತೆಯ ಸುದ್ದಿ ಬೇಡ.

ಮಗಳು


೫ ಜುಲೈ ೧೯೮೮

ಮಗಳೇ,

ಎರಡು ಕಾಗದವೂ ಬಂದವು. ಮೊದಲು ‘ತಾವು’ ಬಂತು. ಅದಕ್ಕೆ ಉತ್ತರ ಬರೆದೆ, ಹರಿದೆ, ಇನ್ನೂ ಖಾರವಾಗಿ ಬರೆದೆ, ಅದನ್ನೂ ಹರಿದೆ. ಲೆಕ್ಕದ ಟೀಚರ್ ಕಾಗದದ ಚೂರು ನೋಡಿ, “ಇಬ್ಬರದೂ ಕೂಡಿಸಿ ಕಳೆದ್ರೆ ಸೊನ್ನೆ ಬರುತ್ತೆ, ಸುಮ್ನೆ ಮನೆಗೆ ಹೋಗು” ಎಂದಳು. ಅವಳು ಈಗ ಕೋಲು ಹಿಡಿದು ವರಾಂಡದ ತುದಿಯವರೆಗೆ ನಡೆಯುತ್ತಾಳೆ. ಡಾಕ್ಟರು ವಿಮಾನಕ್ಕೆ ಒಪ್ಪಿದ್ದಾರೆ. ಅವಳ ತಮ್ಮ ವಿಮಾನ ನಿಲ್ದಾಣಕ್ಕೆ ಬಂದು ಅವಳನ್ನು ಕರೆದೊಯ್ಯುತ್ತಾನೆ. ನಾನು ಅಲ್ಲಿಂದ ರೈಲು ಹತ್ತಿ ಇಪ್ಪತ್ತೆರಡನೇ ತಾರೀಖು ಮಧ್ಯಾಹ್ನ ಬರುತ್ತೇನೆ.

ಸಿಟ್ಟು ಇಳಿದಿಲ್ಲ. ಬಾಯಲ್ಲಿ ಕಡುಬು ಇತ್ತಾ ಎಂದು ಹೆತ್ತ ತಾಯಿಯನ್ನು ಕೇಳಿದವಳು ನೀನು. ಕಡುಬು ಇದ್ದಿದ್ದರೆ ಅವತ್ತು ಹಸಿದು ಮನೆಗೆ ಹೋಗುತ್ತಿರಲಿಲ್ಲ. ಅದನ್ನು ಎದುರಿಗೇ ಕೂತು ಮುಗಿಸಬೇಕು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೂ ನೀನು ಬೈಯಬಹುದು. ಆದರೆ ಊಟವಾದ ಮೇಲೆ. ಖಾಲಿ ಹೊಟ್ಟೆಯಲ್ಲಿ ನನಗೆ ಜಗಳವಾಡಲು ಬರುವುದಿಲ್ಲ.

ಯಜಮಾನಿ ನಿನ್ನೆ ನನ್ನ ಸ್ಟವ್ ತಂದು ಮುಂದಿಟ್ಟಳು. ಬೇಡ, ನೀನೇ ಇಟ್ಟುಕೋ ಎಂದು ಸನ್ನೆ ಮಾಡಿದೆ. ಡಬ್ಬಿಯನ್ನೂ ಕೊಟ್ಟೆ. ಅವಳು ಅದರಲ್ಲಿ ಬಟ್ಟೆ ಸಿಕ್ಕಿಸುವ ಕ್ಲಿಪ್ಪು ತುಂಬಿ ಕಿಟಕಿಯ ಮೇಲಿಟ್ಟಿದ್ದಾಳೆ. ದಾರಿಗೆಂದು ಬ್ರೆಡ್ಡು ಕಟ್ಟಿಕೊಡುತ್ತೇನೆಂದು ಸನ್ನೆ ಮಾಡಿದಳು, ಅದನ್ನೂ ಬೇಡವೆಂದೆ. ಮೊದಲ ಸಲ ಅವಳ ಮುಖ ಸಣ್ಣದಾಯಿತು. ಏನೆಂದು ತಿಳಿಸಿ ಹೇಳಲಿ, ಅವಳ ಮಾತು ನನಗೆ ಬಾರದು.

ಸುತ್ತಿ ಬಳಸಿ ಬರೆಯಬೇಡ ಎಂದೆ. ಕಟ್ಟೆ ಪೂರ್ತಿ ಒಡೆಸು. ಆ ಮೂಲೆಗೆ ನನ್ನ ಹೊಲಿಗೆ ಮೆಷಿನ್ ಬರಲಿ.

ಅಳಿಯಂದಿರಿಗೆ ಹೇಳು, ಬ್ರೆಡ್ಡು ಬೆಳ್ಳಗೇ ಇರಲಿ. ಸಪ್ಪೆಯೋ ಅಲ್ಲವೋ ಎಂದು ತಿಂದ ಮೇಲೆ ಹೇಳುತ್ತೇನೆ, ಬಾಯಿ ಬಿಟ್ಟೇ ಹೇಳುತ್ತೇನೆ. ತಟ್ಟೆಯನ್ನು ಮಾತ್ರ ಈ ಸಲ ನೀನೇ ಹಾಕು.

ವಿಮಾನದಲ್ಲಿ ಏನೇನೋ ಕೊಡುತ್ತಾರೆ, ರೈಲಿನಲ್ಲೂ ಮಾರುತ್ತಾ ಬರುತ್ತಾರೆ. ಯಾವುದನ್ನೂ ಮುಟ್ಟದೆ ಹಸಿದುಕೊಂಡೇ ಬರುತ್ತೇನೆ. ನಾನು ಹೊರಗೆ ತಿನ್ನಲ್ಲ.

ಅಮ್ಮ